ಕೌನ್ಸಿಲ್ ಕಟ್ಟಡದಲ್ಲಿ ಸ್ವಂತ ಫ್ಲ್ಯಾಟ್: ಹಕ್ಕೇನು, ಹೊಣೆಯೇನು?

ಲಂಡನ್ನಿನಲ್ಲಾಗಲಿ, ಸ್ಲೌ, ರೆಡಿಂಗಿನಂಥ ಊರುಗಳಲ್ಲಾಗಲಿ ಮೊದಲ ಮನೆ ಹುಡುಕುವ ನಮ್ಮವರ ಕಣ್ಣಿಗೆ ಬೇಗ ಬೀಳುವುದು ಎಕ್ಸ್-ಕೌನ್ಸಿಲ್ ಫ್ಲ್ಯಾಟುಗಳು. ಅದೇ ಬೀದಿಯ ಖಾಸಗಿ ಕಟ್ಟಡಕ್ಕೆ ಹೋಲಿಸಿದರೆ ಬೆಲೆ ಕಡಿಮೆ, ಕೋಣೆಗಳು ಅನೇಕ ಸಲ ದೊಡ್ಡವು. ಇವು ಒಂದು ಕಾಲಕ್ಕೆ ಸ್ಥಳೀಯ ಕೌನ್ಸಿಲ್ ಬಾಡಿಗೆಗೆ ಕೊಡಲೆಂದು ಕಟ್ಟಿಸಿದ ಮನೆಗಳು. ಮಾರ್ಗರೆಟ್ ಥ್ಯಾಚರ್ ಸರ್ಕಾರ 1980ರ ಹೌಸಿಂಗ್ ಕಾಯ್ದೆಯಲ್ಲಿ ‘ರೈಟ್ ಟು ಬೈ’ ಹಕ್ಕನ್ನು ತಂದಾಗ ಬಾಡಿಗೆದಾರರು ತಾವಿದ್ದ ಮನೆಯನ್ನೇ ರಿಯಾಯಿತಿ ಬೆಲೆಗೆ ಕೊಂಡರು. ಎಷ್ಟೋ ಮಂದಿ ಆಮೇಲೆ ಮಾರಿದರು. ಇವತ್ತು ಮಾರುಕಟ್ಟೆಗೆ ಬರುವ ಎಕ್ಸ್-ಕೌನ್ಸಿಲ್ ಫ್ಲ್ಯಾಟುಗಳು ಹೆಚ್ಚಾಗಿ ಹೀಗೆ ಕೈ ಬದಲಾದವೇ.

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕೊಂಡು ರೂಢಿಯಿರುವವರಿಗೆ ಇಲ್ಲಿನ ಲೆಕ್ಕಾಚಾರ ಹೊಸದು. ಅಲ್ಲಿ ಫ್ಲ್ಯಾಟಿನ ಜೊತೆ ನೆಲದಲ್ಲಿ ಅವಿಭಾಜ್ಯ ಪಾಲು ಬರುತ್ತದೆ. ನಿರ್ವಹಣೆ ಮಾಲೀಕರ ಸಂಘದ ಕೈಯಲ್ಲಿರುತ್ತದೆ, ಜನರಲ್ ಬಾಡಿ ಸಭೆಯಲ್ಲಿ ವಾದ ಮಾಡಿಯಾದರೂ ನಿಮ್ಮ ಮಾತು ನಡೆಯಬಹುದು. ಇಂಗ್ಲೆಂಡಿನ ಕೌನ್ಸಿಲ್ ಕಟ್ಟಡದಲ್ಲಿ ನೆಲ, ಹೊರಗೋಡೆ, ಚಾವಣಿ, ಮೆಟ್ಟಿಲು, ಲಿಫ್ಟ್ ಎಲ್ಲವೂ ಕೌನ್ಸಿಲಿನ ಸ್ವತ್ತು. ನೀವು ದುಡ್ಡು ಕೊಟ್ಟು ಪಡೆದಿರುವುದು ಇಂತಿಷ್ಟು ವರ್ಷ ಆ ಫ್ಲ್ಯಾಟನ್ನು ಅನುಭವಿಸುವ ಹಕ್ಕು, ಅಂದರೆ ಲೀಸ್. ಚಾವಣಿ ಯಾವಾಗ ಬದಲಾಯಿಸಬೇಕು, ಯಾರಿಗೆ ಗುತ್ತಿಗೆ ಕೊಡಬೇಕು ಎಂಬ ತೀರ್ಮಾನ ಕೌನ್ಸಿಲಿನದು, ಅದರ ಖರ್ಚಿನಲ್ಲಿ ಪಾಲು ನಿಮ್ಮದು. ಈ ಏರುಪೇರನ್ನು ತಕ್ಕಮಟ್ಟಿಗೆ ಸರಿಮಾಡಲು ಕಾನೂನು ಲೀಸ್‌ಹೋಲ್ಡರಿಗೆ ಕೇಳುವ, ಲೆಕ್ಕ ನೋಡುವ, ಪ್ರಶ್ನಿಸುವ ಹಕ್ಕುಗಳನ್ನು ಕೊಟ್ಟಿದೆ. ಅವುಗಳಲ್ಲಿ ಬಹುಪಾಲಿಗೆ ಗಡುವಿದೆ, ಗಡುವಿನ ಎಣಿಕೆ ಶುರುವಾಗುವುದು ಕೌನ್ಸಿಲಿನಿಂದ ಬರುವ ಒಂದು ಕಾಗದದಿಂದ. ಆ ಕಾಗದವನ್ನು ಬಿಚ್ಚಿ ಓದದವರು ಕಳೆದುಕೊಳ್ಳುವುದು ಸಾವಿರಾರು ಪೌಂಡ್.

ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನ ನಿಯಮಗಳನ್ನು. ಸ್ಕಾಟ್ಲೆಂಡಿನಲ್ಲಿ ಫ್ಲ್ಯಾಟಿನ ಒಡೆತನದ ಕಾನೂನೇ ಬೇರೆ.

ಲೀಸ್ ಪತ್ರ ಏನು ಹೇಳುತ್ತದೆ?

ಎಲ್ಲಕ್ಕೂ ಬೇರು ಲೀಸ್ ಪತ್ರ. ಪಕ್ಕದ ಮನೆಯವರ ಲೀಸಿನಲ್ಲಿರುವುದೇ ನಿಮ್ಮದರಲ್ಲೂ ಇರುತ್ತದೆಂದು ಊಹಿಸಬೇಡಿ. ನಿಮ್ಮ ಹತ್ತಿರ ಪ್ರತಿ ಇಲ್ಲದಿದ್ದರೆ ಲ್ಯಾಂಡ್ ರಿಜಿಸ್ಟ್ರಿಯಿಂದ ತರಿಸಿಕೊಳ್ಳಬಹುದು.

ರೈಟ್ ಟು ಬೈ ಲೀಸಿನ ಅವಧಿ ಸಾಮಾನ್ಯವಾಗಿ 125 ವರ್ಷ. ಗ್ರೌಂಡ್ ರೆಂಟ್, ಅಂದರೆ ನೆಲಬಾಡಿಗೆ, ವರ್ಷಕ್ಕೆ 10 ಪೌಂಡ್ ಮೀರುವಂತಿಲ್ಲ. ಖಾಸಗಿ ಕಟ್ಟಡಗಳಲ್ಲಿ ಹತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುವ ಗ್ರೌಂಡ್ ರೆಂಟಿನಿಂದ ಎಷ್ಟು ಜನ ಮನೆ ಮಾರಲಾಗದೆ ಒದ್ದಾಡಿದರು ಎಂಬುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಅವಧಿಯ ವಿಷಯದಲ್ಲಿ ಮಾತ್ರ ಈಗ ಎಚ್ಚರ ಬೇಕಾದ ಕಾಲ. 1980ರ ದಶಕದ ಮೊದಲಲ್ಲಿ ಬರೆದ ಲೀಸುಗಳಲ್ಲಿ ಉಳಿದಿರುವುದು ಸುಮಾರು 80 ವರ್ಷ. ಉಳಿದ ಅವಧಿ 80 ವರ್ಷಕ್ಕಿಂತ ಕೆಳಗಿಳಿದ ಮೇಲೆ ಲೀಸ್ ವಿಸ್ತರಿಸಲು ಹೋದರೆ ‘ಮ್ಯಾರೇಜ್ ವ್ಯಾಲ್ಯೂ’ ಎಂಬುದನ್ನೂ ಕೊಡಬೇಕು. ವಿಸ್ತರಣೆಯಿಂದ ಆಗುವ ಮೌಲ್ಯದ ಹೆಚ್ಚಳದಲ್ಲಿ ಅರ್ಧ ಫ್ರೀಹೋಲ್ಡ್ ಇರುವವರಿಗೆ, ಅಂದರೆ ಕೌನ್ಸಿಲಿಗೆ ಹೋಗುತ್ತದೆ. ಇನ್ನೊಂದು ವಿಷಯ ಹಲವರ ಗಮನಕ್ಕೇ ಬರುವುದಿಲ್ಲ. ಒಂದು ಕಟ್ಟಡದಲ್ಲಿ ಮೊದಲ ಫ್ಲ್ಯಾಟ್ ಮಾರಿದಾಗ ಬರೆದ ಲೀಸ್ ಯಾವತ್ತು ಮುಗಿಯುತ್ತದೋ ಅವತ್ತೇ ಮುಗಿಯುವಂತೆ ಮುಂದಿನವುಗಳನ್ನೂ ಬರೆಯಲು ಕಾನೂನು ಕೌನ್ಸಿಲಿಗೆ ಅವಕಾಶ ಕೊಟ್ಟಿದೆ. ಹಾಗಾಗಿ 1998ರಲ್ಲಿ ಮೊದಲ ಬಾರಿ ಮಾರಾಟವಾದ ಫ್ಲ್ಯಾಟಿನ ಲೀಸೂ 1982ರಿಂದಲೇ ಎಣಿಕೆಯಾಗುತ್ತಿರಬಹುದು. ಮಾರಾಟದ ವರ್ಷ ನೋಡಿ ಲೆಕ್ಕ ಹಾಕಬೇಡಿ, ಲೀಸಿನಲ್ಲಿರುವ ಆರಂಭದ ದಿನಾಂಕ ನೋಡಿ.

1993ರ ಕಾಯ್ದೆಯ ಪ್ರಕಾರ ಉಳಿದ ಅವಧಿಗೆ 90 ವರ್ಷ ಸೇರಿಸಿಕೊಳ್ಳುವ ಹಕ್ಕು ನಿಮಗಿದೆ, ಹಾಗೆ ವಿಸ್ತರಿಸಿದ ಲೀಸಿಗೆ ಗ್ರೌಂಡ್ ರೆಂಟ್ ಇರುವುದಿಲ್ಲ. ಮನೆ ಕೊಂಡು ಎರಡು ವರ್ಷ ಕಾಯಬೇಕೆಂಬ ಷರತ್ತು 2025ರ ಜನವರಿ 31ರಿಂದ ಹೋಗಿದೆ. 2024ರ ಹೊಸ ಲೀಸ್‌ಹೋಲ್ಡ್ ಕಾಯ್ದೆಯಲ್ಲಿ 990 ವರ್ಷದ ವಿಸ್ತರಣೆಯೂ ಮ್ಯಾರೇಜ್ ವ್ಯಾಲ್ಯೂ ರದ್ದತಿಯೂ ಇವೆ. ಆದರೆ ಆ ಭಾಗಗಳು ಕಾಯ್ದೆಯ ಜೊತೆಯಲ್ಲೇ ಜಾರಿಗೆ ಬರಲಿಲ್ಲ. ಅರ್ಜಿ ಹಾಕುವ ದಿನ ಯಾವ ನಿಯಮ ಚಾಲ್ತಿಯಲ್ಲಿದೆ ಎಂದು ಸಾಲಿಸಿಟರ್ ಬಳಿ ಕೇಳಿಕೊಂಡೇ ಮುಂದುವರಿಯಿರಿ.

ಯಾವುದು ಯಾರ ಪಾಲಿನ ರಿಪೇರಿ?

ಕಟ್ಟಡದ ಅಡಿಪಾಯ, ಗೋಡೆ, ಚಾವಣಿ, ಹೊರಮೈ, ಎಲ್ಲರೂ ಬಳಸುವ ಜಾಗ, ಎಲ್ಲ ಮನೆಗಳಿಗೂ ಹಾಯುವ ಕೊಳವೆಗಳನ್ನು ಸುಸ್ಥಿತಿಯಲ್ಲಿಡುವುದು ಕೌನ್ಸಿಲಿನ ಕೆಲಸ. ಒಳಗಿನ ಪ್ಲಾಸ್ಟರ್, ನೆಲಹಾಸು, ಅಡುಗೆಮನೆ, ಬಚ್ಚಲು, ಬಾಯ್ಲರ್, ನಿಮ್ಮ ಮನೆಗೆ ಮಾತ್ರ ಬರುವ ಪೈಪು ಮತ್ತು ವೈರಿಂಗ್ ಸಾಮಾನ್ಯವಾಗಿ ನಿಮ್ಮವು. ಕಿಟಕಿಯ ಚೌಕಟ್ಟು ಬಹಳಷ್ಟು ಲೀಸುಗಳಲ್ಲಿ ಕೌನ್ಸಿಲಿಗೆ ಸೇರಿದ್ದು, ಗಾಜು ಒಡೆದರೆ ನಿಮ್ಮದು ಎಂದಿರುತ್ತದೆ. ಈ ಗೆರೆ ಲೀಸಿನಿಂದ ಲೀಸಿಗೆ ಆಚೀಚೆ ಆಗುತ್ತದೆ.

ಪಕ್ಕದ ಫ್ಲ್ಯಾಟಿನಲ್ಲಿರುವ ಕೌನ್ಸಿಲ್ ಬಾಡಿಗೆದಾರರ ಮನೆಗೆ ಪ್ಲಂಬರ್ ಬಂದು ನಲ್ಲಿ ಸರಿಮಾಡಿ ಹೋಗುತ್ತಾನೆ, ನಮ್ಮ ಮನೆಗೆ ಏಕೆ ಬರುವುದಿಲ್ಲ ಎಂದು ಹೊಸಬರು ಕೇಳುವುದುಂಟು. ಬಾಡಿಗೆದಾರರಿಗೆ ಇರುವ ರಿಪೇರಿ ಹಕ್ಕುಗಳು ದೀರ್ಘಾವಧಿ ಲೀಸ್‌ಹೋಲ್ಡರಿಗೆ ಅನ್ವಯವಾಗುವುದಿಲ್ಲ. ತೇವ, ಬೂಸ್ಟು ಇಂತಿಷ್ಟು ದಿನದೊಳಗೆ ಸರಿಪಡಿಸಬೇಕೆನ್ನುವ, 2025ರ ಅಕ್ಟೋಬರಿನಲ್ಲಿ ಜಾರಿಯಾದ ‘ಅವಾಬ್ಸ್ ಲಾ’ ಕೂಡ ಬಾಡಿಗೆದಾರರಿಗಾಗಿ ಇರುವುದು. ಹಾಗೆಂದು ಚಾವಣಿ ಸೋರಿ ನಿಮ್ಮ ಗೋಡೆ ನೆನೆದರೆ ಸುಮ್ಮನಿರಬೇಕಿಲ್ಲ. ಅದು ಲೀಸಿನ ಪ್ರಕಾರವೇ ಕೌನ್ಸಿಲ್ ಮಾಡಿಕೊಡಬೇಕಾದ ಕೆಲಸ. ದಿನಾಂಕ ಹಾಕಿ ಬರೆದು ತಿಳಿಸಿ, ಫೋಟೊ ತೆಗೆದಿಡಿ.

ಕಟ್ಟಡದ ವಿಮೆಯನ್ನು ಕೌನ್ಸಿಲ್ ಮಾಡಿಸಿ ಪ್ರೀಮಿಯಂ ಪಾಲನ್ನು ನಿಮ್ಮಿಂದ ಪಡೆಯುತ್ತದೆ. ಮನೆಯೊಳಗಿನ ಸಾಮಾನಿಗೆ ನೀವೇ ವಿಮೆ ಮಾಡಿಸಬೇಕು.

ಸರ್ವಿಸ್ ಚಾರ್ಜ್

‘ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತೇವಲ್ಲ, ಮತ್ತೆ ಇದೇನು?’ ಎಂಬ ಪ್ರಶ್ನೆಗೆ ಉತ್ತರ ಸರಳ. ಕೌನ್ಸಿಲ್ ಟ್ಯಾಕ್ಸ್ ಇಡೀ ಊರಿನ ಸೇವೆಗೆ ಹೋಗುತ್ತದೆ, ಸರ್ವಿಸ್ ಚಾರ್ಜ್ ನಿಮ್ಮ ಕಟ್ಟಡ ಮತ್ತು ಎಸ್ಟೇಟಿನ ಖರ್ಚಿಗೆ. ಗುಡಿಸುವುದು, ಲಿಫ್ಟ್, ಮೆಟ್ಟಿಲ ದೀಪ, ತೋಟ, ಸಣ್ಣ ರಿಪೇರಿ, ವಿಮೆ, ಕೌನ್ಸಿಲಿನ ಆಡಳಿತ ವೆಚ್ಚ ಎಲ್ಲ ಇದರಲ್ಲಿ ಬರುತ್ತವೆ. ಏಪ್ರಿಲ್ ಹೊತ್ತಿಗೆ ಅಂದಾಜು ಬಿಲ್, ವರ್ಷ ಮುಗಿದು ಕೆಲವು ತಿಂಗಳಾದ ಮೇಲೆ ನಿಜವಾದ ಖರ್ಚಿನ ಲೆಕ್ಕ ಬರುವುದು ವಾಡಿಕೆ. ಕೊರತೆ ಬಿದ್ದರೆ ಇನ್ನೊಂದು ಬಿಲ್.

ಪಾಲು ಹಂಚುವ ವಿಧಾನವೂ ಲೀಸಿನಲ್ಲೇ ಇರುತ್ತದೆ. ಕೆಲವು ಕಡೆ ಮಲಗುವ ಕೋಣೆಗಳ ಸಂಖ್ಯೆಯ ಮೇಲೆ, ಕೆಲವು ಕಡೆ 1990ಕ್ಕೆ ಮುಂಚಿನ ಹಳೆಯ ರೇಟಬಲ್ ವ್ಯಾಲ್ಯೂ ಮೇಲೆ ಹಂಚುತ್ತಾರೆ. ಮೂರು ಕೋಣೆಯ ಮನೆಯ ಪಾಲು ಒಂದು ಕೋಣೆಯದಕ್ಕಿಂತ ಹೆಚ್ಚು ಬರುವುದು ಇದರಿಂದಲೇ. ಲಿಫ್ಟ್ ಇಲ್ಲದ ಕಟ್ಟಡದವರ ಮೇಲೆ ಪಕ್ಕದ ಕಟ್ಟಡದ ಲಿಫ್ಟಿನ ಖರ್ಚು ಬಿದ್ದಿದೆಯೇ ಎಂದು ಬಿಲ್ಲಿನ ಒಂದೊಂದು ಸಾಲನ್ನೂ ನೋಡುವುದು ಒಳ್ಳೆಯದು.

ಇಲ್ಲಿ ನಿಮ್ಮನ್ನು ಕಾಯುವುದು 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆ. ಖರ್ಚು ನ್ಯಾಯಸಮ್ಮತವಾಗಿರಬೇಕು, ಕೆಲಸವೂ ತಕ್ಕ ಗುಣಮಟ್ಟದ್ದಾಗಿರಬೇಕು ಎನ್ನುತ್ತದೆ 19ನೇ ಸೆಕ್ಷನ್. ಬೇಡಿಕೆ ಪತ್ರದ ಜೊತೆ ನಿಮ್ಮ ಹಕ್ಕು ಮತ್ತು ಹೊಣೆಗಳ ಸಾರಾಂಶವನ್ನು ಲಗತ್ತಿಸಿರಬೇಕು, ಇಲ್ಲದಿದ್ದರೆ ಅದು ಬರುವ ತನಕ ಹಣ ತಡೆಹಿಡಿಯಬಹುದು. ಖರ್ಚಾದ 18 ತಿಂಗಳೊಳಗೆ ಬೇಡಿಕೆ ಬರಬೇಕು, ಅಥವಾ ಖರ್ಚಾಗಿದೆ, ಮುಂದೆ ಕೇಳುತ್ತೇವೆ ಎಂದಾದರೂ ಆ ಅವಧಿಯಲ್ಲಿ ಬರೆದು ತಿಳಿಸಿರಬೇಕು. ಎರಡೂ ಆಗಿಲ್ಲವೆಂದರೆ ಆ ಹಣವನ್ನು ಕೇಳುವಂತಿಲ್ಲ. ಖರ್ಚಿನ ಸಾರಾಂಶವನ್ನು ಬರೆದು ಕೇಳಿ ಪಡೆಯಬಹುದು. ಅದು ಕೈಗೆ ಬಂದ ಆರು ತಿಂಗಳೊಳಗೆ ಬಿಲ್ಲು, ರಸೀದಿಗಳನ್ನು ಖುದ್ದಾಗಿ ನೋಡುತ್ತೇನೆ ಎಂದು ಹೇಳುವ ಹಕ್ಕೂ ಇದೆ. ಈ ಕೊನೆಯದನ್ನು ಬಳಸುವವರು ತೀರ ಕಡಿಮೆ, ಅದು ನನಗೆ ಬೇಸರದ ಸಂಗತಿ. ರಸೀದಿ ನೋಡಲು ಬರುವವರಿದ್ದಾರೆಂದು ತಿಳಿದ ಕಚೇರಿಯ ಲೆಕ್ಕ ತಾನಾಗಿಯೇ ಶುದ್ಧವಾಗುತ್ತದೆ.

ಸೆಕ್ಷನ್ 20 ನೋಟಿಸ್: ಎಸೆಯಬಾರದ ಕಾಗದ

ದೊಡ್ಡ ಪೆಟ್ಟು ಬೀಳುವುದು ವರ್ಷದ ಚಾರ್ಜಿನಿಂದಲ್ಲ, ‘ಮೇಜರ್ ವರ್ಕ್ಸ್’ ಎಂಬ ದೊಡ್ಡ ಕೆಲಸಗಳಿಂದ. ಚಾವಣಿ, ಕಿಟಕಿ, ಲಿಫ್ಟ್, ಹೊರಗೋಡೆ ಎಂದು ಹೊರಟರೆ ಒಂದು ಮನೆಯ ಪಾಲಿಗೆ ಹತ್ತಾರು ಸಾವಿರ ಪೌಂಡ್ ಬರಬಹುದು. ಒಂದು ಕೆಲಸಕ್ಕೆ ಯಾರಾದರೊಬ್ಬ ಲೀಸ್‌ಹೋಲ್ಡರಿನ ಪಾಲು 250 ಪೌಂಡ್ ದಾಟುವುದಾದರೆ, ಇಲ್ಲವೇ 12 ತಿಂಗಳಿಗೂ ಮೀರಿದ ಗುತ್ತಿಗೆಯಿಂದ ವರ್ಷಕ್ಕೆ 100 ಪೌಂಡ್ ದಾಟುವುದಾದರೆ, ಕೌನ್ಸಿಲ್ ಮೊದಲು ಲೀಸ್‌ಹೋಲ್ಡರುಗಳ ಅಭಿಪ್ರಾಯ ಕೇಳಬೇಕು. 1985ರ ಕಾಯ್ದೆಯ 20ನೇ ಸೆಕ್ಷನ್ ಇದನ್ನು ಹೇಳುವುದರಿಂದ ಎಲ್ಲರ ಬಾಯಲ್ಲೂ ಅದು ಸೆಕ್ಷನ್ 20 ನೋಟಿಸ್. ಕೇಳದೆ ಮಾಡಿಸಿದರೆ ವಸೂಲಿ ಆ 250 ಅಥವಾ 100 ಪೌಂಡಿಗೆ ನಿಲ್ಲುತ್ತದೆ. ಆದರೆ ಇಂಥ ತಕರಾರು ನೋಡುವ ಟ್ರಿಬ್ಯುನಲ್‌ಗೆ ಹೋಗಿ ಕೌನ್ಸಿಲ್ ವಿನಾಯಿತಿ ಕೇಳಬಹುದು. ನೋಟಿಸಿನ ಲೋಪದಿಂದ ಲೀಸ್‌ಹೋಲ್ಡರಿಗೆ ನಿಜವಾಗಿ ಏನು ನಷ್ಟವಾಯಿತು ಎಂಬುದನ್ನೇ ಮುಖ್ಯವಾಗಿ ನೋಡಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ವಿನಾಯಿತಿ ಸಿಗುವುದು ಸುಲಭವಾಗಿದೆ. ಆದ್ದರಿಂದ ನೋಟಿಸಿನ ತಾಂತ್ರಿಕ ತಪ್ಪೊಂದನ್ನೇ ನೆಚ್ಚಿಕೊಂಡು ಕೂರುವುದು ಜಾಣತನವಲ್ಲ.

ಸಾಮಾನ್ಯ ಕ್ರಮದಲ್ಲಿ ಮೊದಲು ಏನು ಕೆಲಸ, ಏಕೆ ಎಂಬ ನೋಟಿಸ್, ಅದಕ್ಕೆ 30 ದಿನ. ಆಮೇಲೆ ಗುತ್ತಿಗೆದಾರರ ಅಂದಾಜು ಪಟ್ಟಿ, ಅದಕ್ಕೂ 30 ದಿನ. ಕೌನ್ಸಿಲುಗಳ ವಿಷಯದಲ್ಲಿ ಒಂದು ತಿರುವಿದೆ. ಎಷ್ಟೋ ಕೌನ್ಸಿಲುಗಳು ಒಂದೊಂದು ಕಟ್ಟಡಕ್ಕೆ ಬೇರೆ ಟೆಂಡರ್ ಕರೆಯದೆ, ಹಲವು ವರ್ಷಗಳಿಗೆ ಒಬ್ಬನೇ ದೊಡ್ಡ ಗುತ್ತಿಗೆದಾರನ ಜೊತೆ ಒಪ್ಪಂದ ಮಾಡಿಕೊಳ್ಳುತ್ತವೆ. ಆ ಒಪ್ಪಂದಕ್ಕೆ ಮುಂಚೆ ನಿಮಗೊಂದು ನೋಟಿಸ್ ಬರುತ್ತದೆ. ಅದರಲ್ಲಿ ನಿಮ್ಮ ಕಟ್ಟಡದ ಹೆಸರೂ ಇರುವುದಿಲ್ಲ, ನಿಮ್ಮ ಪಾಲಿನ ಮೊತ್ತವೂ ಇರಲಿಕ್ಕಿಲ್ಲ. ನಮಗೆ ಸಂಬಂಧಿಸಿದ್ದಲ್ಲವೆಂದು ಜನ ಬದಿಗಿಡುತ್ತಾರೆ. ಮೂರು ವರ್ಷದ ಮೇಲೆ ನಿಮ್ಮ ಚಾವಣಿಯ ಸರದಿ ಬಂದಾಗ ಒಂದೇ ನೋಟಿಸ್, ಒಂದೇ 30 ದಿನ. ಬೇರೆ ಗುತ್ತಿಗೆದಾರನ ಹೆಸರು ಸೂಚಿಸುವ ಅವಕಾಶ ಆಗ ಇರುವುದಿಲ್ಲ. ದರ ಹೇಗೆ ನಿಗದಿಯಾಗುತ್ತದೆ ಎಂಬ ಪ್ರಶ್ನೆ ಕೇಳಲು ಸರಿಯಾದ ಹೊತ್ತು ಆ ಮೊದಲ ಕಾಗದ ಬಂದಾಗ.

ಅಭಿಪ್ರಾಯ ಕೇಳುವುದೆಂದರೆ ಒಪ್ಪಿಗೆ ಬೇಕೆಂದಲ್ಲ. ಕೌನ್ಸಿಲ್ ನಿಮ್ಮ ಮಾತನ್ನು ಪರಿಗಣಿಸಬೇಕು, ಪಾಲಿಸಬೇಕಾಗಿಲ್ಲ. ಅದಕ್ಕೇ ‘ಇಷ್ಟೊಂದು ಹಣ ನಮ್ಮ ಹತ್ತಿರ ಇಲ್ಲ’ ಎಂದಷ್ಟೇ ಬರೆದರೆ ಉಪಯೋಗ ಕಡಿಮೆ. ಚಾವಣಿ ಬದಲಾಯಿಸಲೇಬೇಕೆಂದು ಹೇಳಿದ ಸರ್ವೆ ವರದಿ ಎಲ್ಲಿದೆ? ತೇಪೆ ಹಾಕಿದರೆ ಎಷ್ಟು ವರ್ಷ ಬರುತ್ತದೆ? ಹಿಂದಿನ ಕೆಲಸದ ಗ್ಯಾರಂಟಿ ಉಳಿದಿದೆಯೇ? ಕಿಟಕಿಗೊಮ್ಮೆ, ಚಾವಣಿಗೊಮ್ಮೆ ಎರಡು ಸಲ ಸಾರವೆ ಕಟ್ಟುವುದೇಕೆ? ಮೊತ್ತದ ಮೇಲೆ ಕೌನ್ಸಿಲ್ ಸೇರಿಸುವ ಮೇಲ್ವಿಚಾರಣೆ ಶುಲ್ಕ ಶೇಕಡ ಎಷ್ಟು? ಇಂಥ ಪ್ರಶ್ನೆಗಳನ್ನು ಕಟ್ಟಡದ ಹತ್ತು ಮನೆಯವರು ಸೇರಿ ಕೇಳಿದರೆ ತೂಕ ಬರುತ್ತದೆ. ಮುಂದೆ ಟ್ರಿಬ್ಯುನಲ್ ಮೆಟ್ಟಿಲು ಹತ್ತಿದಾಗಲೂ ಆ ಪತ್ರ ನಿಮ್ಮ ಪರವಾಗಿ ನಿಲ್ಲುತ್ತದೆ.

ಪಶ್ಚಿಮ ಲಂಡನ್ನಿನ ಹೌನ್ಸ್‌ಲೋದಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ಐವಿಬ್ರಿಡ್ಜ್ ಎಸ್ಟೇಟಿನಲ್ಲಿ ಮರದ ಚೌಕಟ್ಟಿನ ಕಿಟಕಿಗಳನ್ನು ತೆಗೆದು ಲೋಹದವನ್ನು ಹಾಕುವಾಗ ಹೊರಗೋಡೆಯ ಹೊದಿಕೆಯನ್ನೂ ಬದಲಾಯಿಸಬೇಕಾಯಿತು. ಒಬ್ಬ ಲೀಸ್‌ಹೋಲ್ಡರಿನ ಬಿಲ್ 55,000 ಪೌಂಡ್ ದಾಟಿತು. ಆಕೆ ಬಿಡಲಿಲ್ಲ. 2017ರಲ್ಲಿ ಕೋರ್ಟ್ ಆಫ್ ಅಪೀಲ್ ಹೇಳಿದ್ದಿಷ್ಟು: ಕೆಲಸ ರಿಪೇರಿಯನ್ನು ಮೀರಿ ಸುಧಾರಣೆಯಾಗಿದ್ದರೆ, ಆ ಖರ್ಚು ನ್ಯಾಯಸಮ್ಮತವೇ ಎಂದು ತೂಗುವಾಗ ಲೀಸ್‌ಹೋಲ್ಡರುಗಳ ಅಭಿಪ್ರಾಯ, ಅದರಿಂದ ಅವರಿಗಾಗುವ ಪ್ರಯೋಜನ, ಅವರ ಮೇಲೆ ಬೀಳುವ ಹಣದ ಹೊರೆ ಎಲ್ಲವನ್ನೂ ಕೌನ್ಸಿಲ್ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೋಟಿಸಿನಲ್ಲಿ ‘ನವೀಕರಣ’ದ ಮಾತು ಕಂಡರೆ ಯಾವ ಭಾಗ ರಿಪೇರಿ, ಯಾವ ಭಾಗ ಸುಧಾರಣೆ ಎಂದು ಬಿಡಿಸಿ ಕೇಳಿ.

ಕೆಲವು ಮಿತಿಗಳೂ ಇವೆ. ನ್ಯೂಹ್ಯಾಮ್‌ನಲ್ಲಿ 93 ವರ್ಷದ ವೃದ್ಧೆಯೊಬ್ಬರಿಗೆ ಸುಮಾರು 50,000 ಪೌಂಡಿನ ಬಿಲ್ ಬಂದ ಪ್ರಕರಣದ ಹಿನ್ನೆಲೆಯಲ್ಲಿ 2014ರಲ್ಲಿ ‘ಫ್ಲಾರೀಸ್ ಲಾ’ ಎಂದು ಹೆಸರಾದ ನಿರ್ದೇಶನಗಳು ಬಂದವು. ಕೇಂದ್ರ ಸರ್ಕಾರದ ನಿರ್ದಿಷ್ಟ ಅನುದಾನ ಬಳಸಿದ ಕೆಲಸಗಳಿಗೆ ಐದು ವರ್ಷದಲ್ಲಿ ಲಂಡನ್ನಿನಲ್ಲಿ 15,000, ಹೊರಗೆ 10,000 ಪೌಂಡ್ ಮಿತಿ. ಕೌನ್ಸಿಲಿನ ಸ್ವಂತ ಹಣದ ಕೆಲಸಕ್ಕೆ ಈ ಮಿತಿ ಇಲ್ಲ, ಆದ್ದರಿಂದ ಹಣ ಎಲ್ಲಿಯದೆಂದು ಕೇಳಲೇಬೇಕು. ರೈಟ್ ಟು ಬೈ ಅಡಿ ಮನೆ ಮೊದಲು ಮಾರಾಟವಾಗಿ ಐದು ವರ್ಷ ಆಗಿಲ್ಲದಿದ್ದರೆ, ಮಾರುವಾಗ ಕೊಟ್ಟ ಅಂದಾಜಿನಲ್ಲಿ ಇಲ್ಲದ ರಿಪೇರಿಯ ಖರ್ಚನ್ನು ಕೇಳುವಂತಿಲ್ಲ.

ಬೆಂಕಿ ಸುರಕ್ಷತೆಯ ದೋಷಗಳಿಗೆ 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ಬೇರೆ ರಕ್ಷಣೆ ಕೊಡುತ್ತದೆ. 2017ರ ಜೂನ್ 14ರ ಬೆಂಕಿಯಲ್ಲಿ 72 ಜನರನ್ನು ಬಲಿ ತೆಗೆದುಕೊಂಡ ಗ್ರೆನ್‌ಫೆಲ್ ಟವರ್ ಕೌನ್ಸಿಲಿನ ಕಟ್ಟಡವೇ. 11 ಮೀಟರ್ ಅಥವಾ ಐದು ಅಂತಸ್ತು ಮುಟ್ಟುವ ಕಟ್ಟಡದಲ್ಲಿ, ಅರ್ಹ ಲೀಸ್ ಇರುವವರು ಅಪಾಯಕಾರಿ ಹೊದಿಕೆ ತೆಗೆಸುವ ಖರ್ಚು ಕೊಡಬೇಕಿಲ್ಲ. 2022ರ ಫೆಬ್ರವರಿ 14ರಂದು ಫ್ಲ್ಯಾಟ್ ಯಾರದಾಗಿತ್ತು, ಅವರು ಅಲ್ಲೇ ವಾಸವಿದ್ದರೇ ಎಂಬುದು ಅರ್ಹತೆಯಲ್ಲಿ ಮುಖ್ಯವಾದ್ದರಿಂದ ಮಾರುವವರಿಂದ ‘ಲೀಸ್‌ಹೋಲ್ಡರ್ ಡೀಡ್ ಆಫ್ ಸರ್ಟಿಫಿಕೇಟ್’ ಕೇಳಿ ಇಟ್ಟುಕೊಳ್ಳಿ. ಹೊದಿಕೆಯಲ್ಲದ ಇತರ ದೋಷಗಳಿಗೆ ಕಾಯ್ದೆಯ ರಕ್ಷಣೆ ಸಿಗುವುದು 2022ಕ್ಕೆ ಹಿಂದಿನ 30 ವರ್ಷದಲ್ಲಿ ಆದ ಕೆಲಸಕ್ಕೆ. 1960ರ ದಶಕದ ಮೂಲ ಕಟ್ಟಡದ ಅಂಥ ಹಳೆಯ ದೋಷ ಇದರಲ್ಲಿ ಬರುವುದಿಲ್ಲ.

ಒಪ್ಪದಿದ್ದರೆ ಎಲ್ಲಿಗೆ ಹೋಗಬೇಕು?

ಮೊತ್ತ ಹೆಚ್ಚಾಯಿತು, ಕೊಡಬೇಕಾದದ್ದಲ್ಲ ಎಂಬ ತಕರಾರಿಗೆ ಫಸ್ಟ್-ಟಿಯರ್ ಟ್ರಿಬ್ಯುನಲ್‌ನ ಪ್ರಾಪರ್ಟಿ ಚೇಂಬರ್ ಇದೆ. ವಕೀಲರಿಲ್ಲದೆಯೂ ಹೋಗಬಹುದು. ಅರ್ಜಿಯ ಜೊತೆಗೆ 1985ರ ಕಾಯ್ದೆಯ 20ಸಿ ಸೆಕ್ಷನ್ನಿನ ಆದೇಶವನ್ನೂ ಕೇಳಿ. ಇಲ್ಲದಿದ್ದರೆ, ಲೀಸ್ ಅವಕಾಶ ಕೊಡುವ ಕಡೆ, ಕೌನ್ಸಿಲ್ ತನ್ನ ವಕೀಲರ ಖರ್ಚನ್ನು ಮುಂದಿನ ಸರ್ವಿಸ್ ಚಾರ್ಜಿನಲ್ಲಿ ನಿಮ್ಮ ಮೇಲೇ ಹಾಕಬಹುದು. ದೂರಿಗೆ ಉತ್ತರವಿಲ್ಲ, ರಿಪೇರಿ ವಿಳಂಬ, ದುರ್ನಡತೆ ಇಂಥವಕ್ಕೆ ಕೌನ್ಸಿಲಿನ ಎರಡು ಹಂತದ ದೂರು ವ್ಯವಸ್ಥೆ, ಅದಾದ ಮೇಲೆ ಹೌಸಿಂಗ್ ಓಂಬುಡ್ಸ್‌ಮನ್. 2024ರ ಏಪ್ರಿಲ್‌ನಿಂದ ಮೊದಲ ಹಂತದ ಉತ್ತರಕ್ಕೆ 10, ಎರಡನೆಯದಕ್ಕೆ 20 ಕೆಲಸದ ದಿನ ಎಂಬ ಗಡುವು ಕಡ್ಡಾಯವಾಗಿದೆ. ಸರ್ಕಾರಿ ನೆರವಿನ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಉಚಿತ ಸಲಹೆ ಕೊಡುತ್ತದೆ, ಅಲ್ಲಿಂದಲೇ ಶುರುಮಾಡಿ.

ತಕರಾರಿದೆ ಎಂದು ಪೂರ್ತಿ ಬಿಲ್ ಕಟ್ಟದಿರುವುದು ಅಪಾಯ. ಕೌನ್ಸಿಲ್ ಮಾರ್ಟ್‌ಗೇಜ್ ಕೊಟ್ಟ ಬ್ಯಾಂಕಿಗೆ ಬರೆಯಬಹುದು, ಬ್ಯಾಂಕ್ ತಾನೇ ಕಟ್ಟಿ ಸಾಲಕ್ಕೆ ಸೇರಿಸಬಹುದು. ಕಡೆಗೆ ಲೀಸ್ ಮುಟ್ಟುಗೋಲು ಹಾಕಿಕೊಳ್ಳುವ ದಾರಿಯೂ ಕಾನೂನಿನಲ್ಲಿದೆ. ಅದಕ್ಕೆ ಟ್ರಿಬ್ಯುನಲ್, ಕೋರ್ಟ್ ದಾಟಬೇಕು, ಅಪರೂಪವೂ ಹೌದು, ಆದರೆ ಇದೆ. ಒಪ್ಪುವ ಭಾಗವನ್ನು ಕಟ್ಟಿ, ಒಪ್ಪದ ಭಾಗವನ್ನು ಕಾರಣ ಬರೆದು ತಡೆಹಿಡಿಯಿರಿ. ಆ ಮನೆಯಲ್ಲೇ ವಾಸಿಸುವವರಿಗೆ ಅನೇಕ ಕೌನ್ಸಿಲುಗಳು ಬಡ್ಡಿಯಿಲ್ಲದ ಕಂತು ಕೊಡುತ್ತವೆ. ಬಾಡಿಗೆಗೆ ಕೊಟ್ಟವರಿಗೆ ಅಷ್ಟು ಉದಾರತೆ ಇರುವುದಿಲ್ಲ.

ಮನೆಯೊಳಗಿನ ಶಿಸ್ತು

ಗೋಡೆ ಒಡೆಯುವುದು, ಕಿಟಕಿ ಬದಲಿಸುವುದು, ಬಾಯ್ಲರಿನ ಹೊಗೆಕೊಳವೆಯನ್ನು ಹೊರಗೋಡೆಗೆ ಚಾಚುವುದು, ಕಾರ್ಪೆಟ್ ಕಿತ್ತು ಮರದ ನೆಲ ಹಾಕುವುದು, ಇವಕ್ಕೆಲ್ಲ ಮೊದಲು ಬರೆದ ಒಪ್ಪಿಗೆ ಬೇಕೆಂದು ಸಾಮಾನ್ಯವಾಗಿ ಲೀಸ್ ಹೇಳುತ್ತದೆ. ಇದು ಬರೀ ಕಚೇರಿಯ ಹಟವಲ್ಲ. 1968ರ ಮೇ 16ರಂದು ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದಲ್ಲಿ 18ನೇ ಮಹಡಿಯ ಒಂದು ಮನೆಯ ಗ್ಯಾಸ್ ಸ್ಫೋಟದಿಂದ ಮೂಲೆಯ ಮನೆಗಳೆಲ್ಲ ಒಂದರ ಮೇಲೊಂದು ಕುಸಿದವು. ಗೋಡೆಯೇ ಭಾರ ಹೊರುವ ಅಂಥ ಪ್ಯಾನೆಲ್ ಕಟ್ಟಡಗಳು ಇನ್ನೂ ಬಳಕೆಯಲ್ಲಿವೆ.

ಮನೆಯ ಮುಂಬಾಗಿಲು 30 ನಿಮಿಷ ಬೆಂಕಿ ತಡೆಯುವಂಥದ್ದು, ತಾನಾಗಿ ಮುಚ್ಚಿಕೊಳ್ಳುವಂಥದ್ದು ಆಗಿರಬೇಕೆಂದು ಕೌನ್ಸಿಲುಗಳು ಕೇಳುತ್ತವೆ. 11 ಮೀಟರಿಗಿಂತ ಎತ್ತರದ ಕಟ್ಟಡಗಳಲ್ಲಿ ವರ್ಷಕ್ಕೊಮ್ಮೆ ಆ ಬಾಗಿಲ ತಪಾಸಣೆಗೆ ಬರುತ್ತಾರೆ. ಮಕ್ಕಳ ಬೆರಳು ಸಿಕ್ಕೀತೆಂದು ಕ್ಲೋಸರ್ ಬಿಚ್ಚಿಡಬೇಡಿ, ಹೊಗೆ ಕಾರಿಡಾರಿಗೆ ನುಗ್ಗುವುದನ್ನು ತಡೆಯುವುದು ಅದೇ. ಚಪ್ಪಲಿ ಸ್ಟ್ಯಾಂಡು, ಸೈಕಲ್ಲು, ಮಗುವಿನ ಗಾಡಿಯನ್ನು ಬಾಗಿಲ ಹೊರಗೆ ಬಿಡುವ ನಮ್ಮ ಅಭ್ಯಾಸವೂ ಇಲ್ಲಿ ಸಲ್ಲದು.

ರೈಟ್ ಟು ಬೈ ಲೀಸಿನಲ್ಲಿ ಮನೆಯನ್ನು ಬಾಡಿಗೆಗೆ ಕೊಡದಂತೆ ತಡೆಯುವಂತಿಲ್ಲ, ಆದರೆ ಕೌನ್ಸಿಲಿಗೆ ನೋಟಿಸ್ ಕೊಟ್ಟು ಶುಲ್ಕ ಕಟ್ಟಬೇಕೆಂದು ಇರುತ್ತದೆ. ನಿಮ್ಮ ಬಾಡಿಗೆದಾರರ ಗಲಾಟೆಗೂ ಅವರು ಕೆಳಮನೆಗೆ ಸುರಿಸಿದ ನೀರಿಗೂ ಕೌನ್ಸಿಲ್ ಹುಡುಕಿಕೊಂಡು ಬರುವುದು ನಿಮ್ಮನ್ನೇ. ಮನೆ ಬಾಡಿಗೆಗೆ ಕೊಟ್ಟು ಮೈಸೂರಿಗೋ ಹುಬ್ಬಳ್ಳಿಗೋ ಮರಳಿದವರು ಪತ್ರ ವ್ಯವಹಾರದ ವಿಳಾಸವನ್ನು ಕೌನ್ಸಿಲಿಗೆ ಬರೆದು ಕೊಡಲೇಬೇಕು. ನೋಟಿಸ್ ಹಳೆಯ ವಿಳಾಸಕ್ಕೆ ಹೋಗಿ ಬಿದ್ದಿದ್ದರೂ 30 ದಿನ ಕಳೆಯುತ್ತಲೇ ಇರುತ್ತದೆ.

ಕೊಳ್ಳುವ ಮುಂಚೆ

ಇನ್ನೂ ಕೊಂಡಿಲ್ಲದವರು ಸಾಲಿಸಿಟರ್ ಮೂಲಕ ಕೇಳಿಸಬೇಕಾದ್ದು ಹೆಚ್ಚಿಲ್ಲ. ಲೀಸಿನಲ್ಲಿ ಎಷ್ಟು ವರ್ಷ ಉಳಿದಿದೆ, ಕಳೆದ ಮೂರು ವರ್ಷದ ಸರ್ವಿಸ್ ಚಾರ್ಜಿನ ನಿಜ ಲೆಕ್ಕ, ಈಗಾಗಲೇ ಕೊಟ್ಟಿರುವ ಸೆಕ್ಷನ್ 20 ನೋಟಿಸುಗಳು, ಮುಂದಿನ ಐದು ವರ್ಷದಲ್ಲಿ ಯೋಜಿಸಿರುವ ಕೆಲಸಗಳು, ಎಸ್ಟೇಟನ್ನು ಕೆಡವಿ ಕಟ್ಟುವ ಪ್ರಸ್ತಾವವೇನಾದರೂ ಇದೆಯೇ ಎಂಬುದು. ಎತ್ತರದ ಕಾಂಕ್ರೀಟ್ ಕಟ್ಟಡಗಳಿಗೆ ಸಾಲ ಕೊಡಲು ಕೆಲವು ಬ್ಯಾಂಕುಗಳು ಹಿಂದೆಗೆಯುತ್ತವೆ, ಅದನ್ನು ಸರ್ವೆಗೆ ದುಡ್ಡು ಸುರಿಯುವ ಮೊದಲೇ ವಿಚಾರಿಸಿ. ಕೆಲಸ ಮುಗಿದು ಬಿಲ್ ಇನ್ನೂ ಬಂದಿಲ್ಲವೆಂದರೆ ಮಾರುವವರ ಹಣದಲ್ಲಿ ಒಂದಷ್ಟನ್ನು ಸಾಲಿಸಿಟರ್ ಹತ್ತಿರ ತಡೆದಿಡುವಂತೆ ಒಪ್ಪಂದದಲ್ಲೇ ಬರೆಸಿ. ಹಾಗೆ ಬರೆಸದಿದ್ದರೆ, ಚಾವಣಿ ಹಾಕಿದಾಗ ಮನೆಯಲ್ಲಿದ್ದವರು ಯಾರೇ ಆಗಿರಲಿ, ಬಿಲ್ ಬಂದ ದಿನ ಲೀಸ್ ಯಾರ ಹೆಸರಿನಲ್ಲಿದೆಯೋ ಅವರೇ ಹಣ ಕಟ್ಟಬೇಕಾಗುತ್ತದೆ.